ಒಂದಕ್ಕೋ, ಎರಡಕ್ಕೋ?

ಕಿರುಬೆರಳು ಎತ್ತಿದರೆ ಒಂದಕ್ಕೆ, ಎರಡು ಬೆರಳು ಎತ್ತಿದರೆ ಎರಡಕ್ಕೆ. ಹೊಸನಗರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ 22 ವರ್ಷದಿಂದ ಮಕ್ಕಳ ಬೆರಳು ನೋಡಿ ತಲೆಯಾಡಿಸುತ್ತಿರುವವಳು ನಾನು. ಒಂದನೇ ಕ್ಲಾಸಿನ ಮಗು ಹೊಟ್ಟೆ ಹಿಡಿದುಕೊಂಡು ನಿಂತರೆ ಎಲ್ಲರೆದುರೇ ‘ಒಂದಕ್ಕೋ, ಎರಡಕ್ಕೋ?’ ಅಂತ ಕೇಳುತ್ತೇನೆ. ಅಂಥವಳು ನನ್ನ ಸರದಿ ಬಂದಾಗ ಡಾಕ್ಟರ ಮುಂದೆ ಕೂತು ಹೇಳಿದ್ದು, ‘ಸ್ವಲ್ಪ ಗ್ಯಾಸು ಡಾಕ್ಟ್ರೇ.’

ನಮ್ಮ ಕಡೆ ಎದೆಯಿಂದ ಕೆಳಗೆ ಎಂತ ಆದರೂ ಅದಕ್ಕೆ ಗ್ಯಾಸು ಅಂತಲೇ ಹೆಸರು. ಆ ಡಾಕ್ಟರೂ ಗ್ಯಾಸಿಗೇ ಮಾತ್ರೆ ಬರೆದರು. ಎರಡನೇ ಸಲ ಹೋದಾಗ ಧೈರ್ಯ ಮಾಡಿ ‘ಹೊಟ್ಟೆ ಸರಿಯಾಗಿ ಹೋಗ್ತಿಲ್ಲ’ ಅಂದೆ. ತಲೆ ಎತ್ತದೆ ಒಂದು ಸಿರಪ್ ಬರೆದು, ‘ನೀರು ಜಾಸ್ತಿ ಕುಡೀರಿ, ಸೊಪ್ಪು ತರಕಾರಿ ತಿನ್ನಿ’ ಅಂದರು. ಎರಡು ನಿಮಿಷವೂ ಹಿಡಿಯಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆಯುತ್ತಾ ನಗು ಬಂತು. ಮಲೆನಾಡಿನ ಮನೆಯಲ್ಲಿ ಸೊಪ್ಪು ತಿನ್ನದವರು ಯಾರು? ಕೆಸುವಿನ ಎಲೆ, ಹರಿವೆ, ಬಸಳೆ, ಒಂದೆಲಗದ ತಂಬುಳಿ, ಬಾಳೆದಿಂಡಿನ ಪಲ್ಯ, ಮಳೆಗಾಲಕ್ಕೆ ಕಳಲೆ, ಬೇಸಿಗೆಗೆ ಹಲಸಿನಕಾಯಿ. ನಾರು ತಿಂದರೆ ಹೊಟ್ಟೆ ಸಾಫಾಗುವುದಾದರೆ ನನ್ನದು ಕನ್ನಡಿಯಂತೆ ಇರಬೇಕಿತ್ತು.

ನೀರಿನ ಮಾತು ಬೇರೆ. ಅದರಲ್ಲಿ ಅವರು ಹೇಳಿದ್ದು ಸರಿ, ಆದರೆ ಯಾಕೆ ಕುಡಿಯುತ್ತಿಲ್ಲ ಅಂತ ಕೇಳಲಿಲ್ಲ. ನನ್ನ ಬಸ್ಸು ಬೆಳಿಗ್ಗೆ 7:10ಕ್ಕೆ. ಅಷ್ಟರೊಳಗೆ ತಿಂಡಿಯಾಗಬೇಕು, ಅತ್ತೆಗೆ ಗಂಜಿ ಆಗಬೇಕು, ನನ್ನ ಡಬ್ಬಿ ಕಟ್ಟಬೇಕು. ಕಾಫಿ ಕುಡಿದ ಹತ್ತು ನಿಮಿಷಕ್ಕೆ ಹೊಟ್ಟೆ ಒಂದು ಸಲ ಕರೆಯುತ್ತದೆ. ‘ತಡಿ, ರೊಟ್ಟಿ ಹೆಂಚಿನ ಮೇಲಿದೆ’ ಅಂತ ಅದಕ್ಕೆ ಹೇಳಿ ಹೇಳಿ, ಕಡೆಗೆ ಅದು ಕರೆಯುವುದನ್ನೇ ಬಿಟ್ಟಿತು. ಶಾಲೆಯಲ್ಲಿ ಹೋಗೋಣವೆಂದರೆ, ನಾನು ಕೆಲಸಕ್ಕೆ ಸೇರಿದ ಮೊದಲ ಎಂಟು ವರ್ಷ ಅಲ್ಲಿದ್ದದ್ದು ಒಂದೇ ಶೌಚಾಲಯ. ಒಳಗಿನ ಚಿಲಕ ಇಲ್ಲ, ನಲ್ಲಿ ಇಲ್ಲ. ಬಾವಿಯಿಂದ ಕೊಡಪಾನ ಹೊತ್ತುಕೊಂಡು ಮೈದಾನ ದಾಟುವಾಗ ಐದನೇ ಕ್ಲಾಸಿನ ಹುಡುಗರೆಲ್ಲ ಕಿಟಕಿಯಲ್ಲಿ. ಆಮೇಲೆ ನಲ್ಲಿ ಬಂತು, ಚಿಲಕವೂ ಬಂತು. ಅಷ್ಟೊತ್ತಿಗೆ ಕಟ್ಟಿಕೊಂಡು ಕೂರುವುದು ನನಗೆ ಉಸಿರಾಡಿದಷ್ಟೇ ಸಲೀಸಾಗಿತ್ತು. ಮಧ್ಯಾಹ್ನದವರೆಗೆ ನೀರಿನ ಬಾಟಲಿ ಮುಚ್ಚಳ ತೆಗೆಯುತ್ತಿರಲಿಲ್ಲ. ನಮ್ಮ ಬಸ್ಸಿನಲ್ಲಿ ಓಡಾಡುವ ಟೀಚರುಗಳಲ್ಲಿ ಇದು ನನ್ನೊಬ್ಬಳ ಕಥೆಯಲ್ಲ.

ಮನೆಮದ್ದಿಗೆ ಕೊರತೆ ಇರಲಿಲ್ಲ. ಅತ್ತೆ ಅಳಲೆಕಾಯಿ ತೇದು ಕೊಟ್ಟರು. ಬಿಸಿ ಕಾಫಿಗೆ ಹರಳೆಣ್ಣೆ ಹಾಕಿ ಎದುರು ನಿಂತು ಕುಡಿಸಿದರು; ಆವತ್ತಿನಿಂದ ಆ ಲೋಟದಲ್ಲಿ ಕಾಫಿ ಕುಡಿಯಲು ಆಗುವುದಿಲ್ಲ ನನಗೆ. ಆಮೇಲೆ ಯಾರೋ ಹೇಳಿದರೆಂದು ಸಾಗರದಿಂದ ಒಂದು ಚೂರ್ಣ ತರಿಸಿದೆ. ರಾತ್ರಿ ಒಂದು ಚಮಚ, ಬೆಳಿಗ್ಗೆ ಹೊಟ್ಟೆ ನುಲಿದು ಕೆಲಸ ಆಗುತ್ತಿತ್ತು. ಡಬ್ಬದ ಮೇಲೆ ಪೂರ್ತಿ ಗಿಡಮೂಲಿಕೆ ಅಂತ ಬರೆದಿದ್ದರಿಂದ ಅದನ್ನು ನಾನು ಔಷಧ ಅಂತಲೇ ಎಣಿಸಲಿಲ್ಲ. ಒಂದು ಚಮಚ ಒಂದೂವರೆಯಾಯಿತು, ಎರಡಾಯಿತು. ಹೀಗೆ ಆರು ವರ್ಷ.

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಕಮೋಡಿನಲ್ಲಿ ಕೆಂಪು ಕಂಡಿತು. ಮೊದಲ ದಿನ ಹರಿವೆ ಪಲ್ಯ ಅಂದುಕೊಂಡೆ. ಮೂರನೇ ದಿನ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಸುಸ್ತು ಮೊದಲೇ ಇತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.1. ಕಬ್ಬಿಣದ ಮಾತ್ರೆ ಶುರುವಾಯಿತು, ಇದ್ದ ಕಷ್ಟಕ್ಕೆ ಕಲ್ಲು ಹಾಕಿದ ಹಾಗಾಯಿತು. ಯಾರೋ ಇಸಬ್ಗೋಲ್ ಅಂದರು. ಮೂರು ಚಮಚ ಅರ್ಧ ಲೋಟ ನೀರಿಗೆ ಹಾಕಿ ಕುಡಿದೆ. ಸಂಜೆಯ ಹೊತ್ತಿಗೆ ಹೊಟ್ಟೆ ತಮಟೆ. ಫೋನಿನಲ್ಲಿ ಅಕ್ಕನಿಗೆ ಇದನ್ನು ತಮಾಷೆಯಾಗಿ ಹೇಳುತ್ತಿರುವಾಗ ರಕ್ತದ ವಿಷಯವೂ ಬಾಯಿಂದ ಜಾರಿತು. ಆಚೆ ಕಡೆ ಒಂದು ಕ್ಷಣ ಮಾತಿಲ್ಲ. ‘ನಿಂಗೆ 52 ವರ್ಷ ಆಗಿದೆ ಮಾರಾಯ್ತಿ, ಈಗ ಹೇಳ್ತಿದ್ದೀಯಲ್ಲೆ? ನಾಳೆ ಬಸ್ ಹತ್ತು,’ ಅಂದಳು. ಅಕ್ಕನ ಮನೆ ಶಿವಮೊಗ್ಗದ ವಿನೋಬನಗರದಲ್ಲಿ.

ಪುನರ್ವಸು ಮಳೆ ಹಿಡಿದಿತ್ತು. ತುಂಗೆ ಕೆಂಪಗೆ ಮಂಟಪ ಮುಳುಗಿಸಿಕೊಂಡು ಹರಿಯುತ್ತಿದ್ದಳು. ಅಕ್ಕ ಕರೆದುಕೊಂಡು ಹೋದದ್ದು ಹೊಟ್ಟೆ, ಕರುಳಿನ ವಿಷಯವನ್ನೇ ನೋಡುವ ಒಬ್ಬ ಡಾಕ್ಟರ ಹತ್ತಿರ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ‘ಗ್ಯಾಸು’ ಅಂತ ಶುರುಮಾಡುವ ಮೊದಲೇ ಕೇಳಿದರು: ‘ವಾರಕ್ಕೆ ಎಷ್ಟು ಸಲ ಹೋಗ್ತೀರಿ ಮೇಡಂ?’

‘ಎರಡು ಮೂರು ಸಲ.’

‘ಪುಡಿ, ಸಿರಪ್ ಎಂತದೂ ತಗೊಳ್ಳದೆ?’

ಅದನ್ನು ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಬಹುಶಃ ಒಂದು.

ಒಂದು ಚಿತ್ರದ ಹಾಳೆ ಮುಂದಿಟ್ಟರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿದ ಪಟ್ಟಿಯಂತೆ, ಅಲ್ಲಿಯದೇ ಹೆಸರು. ಒಂದರಿಂದ ಏಳರವರೆಗೆ ಏಳು ಚಿತ್ರ. ಒಂದನೆಯದು ಆಡಿನ ಹಿಕ್ಕೆ, ಏಳನೆಯದು ಬರೀ ನೀರು. ಮೂರು ನಾಲ್ಕು ಇದ್ದರೆ ಒಳ್ಳೆಯದು. ನಾನು ಒಂದನ್ನು ತೋರಿಸಿದೆ, ಪುಡಿ ತಗೊಂಡ ದಿನಕ್ಕೆ ಆರು. ಬಾಯಲ್ಲಿ ಹೇಳಲಾಗದ್ದನ್ನು ಬೆರಳಿಟ್ಟು ತೋರಿಸುವುದು ಎಷ್ಟು ಸುಲಭ ಅಂತ ಒಂದನೇ ಕ್ಲಾಸಿನ ಟೀಚರಿಗೆ ಅವತ್ತು ಗೊತ್ತಾಯಿತು.

ಆಮೇಲೆ ಪ್ರಶ್ನೆಗಳ ಮಳೆ. ಎಷ್ಟು ವರ್ಷದಿಂದ? ತಿಣುಕಬೇಕಾ? ಎಷ್ಟು ಹೊತ್ತು ಕೂರ್ತೀರಿ? ಎದ್ದ ಮೇಲೂ ಇನ್ನೂ ಇದೆ ಅನಿಸ್ತದಾ? ತೂಕ ಇಳಿದಿದೆಯಾ? ರಕ್ತ ಮಲದ ಜೊತೆ ಕಲೆತು ಬರ್ತದಾ, ಮೇಲಿಂದ ತೊಟ್ಟಿಕ್ತದಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್? ಹೆರಿಗೆ ಹೇಗಾಯ್ತು, ಹೊಲಿಗೆ ಬಿದ್ದಿತ್ತಾ? ವಾರಕ್ಕೆ ಮೂರಕ್ಕಿಂತ ಕಡಿಮೆ ಅನ್ನುವುದು ಲೆಕ್ಕದ ಒಂದು ಭಾಗ ಮಾತ್ರವಂತೆ. ದಿನಾ ಹೋಗಿಯೂ ಮಲಬದ್ಧತೆ ಇರಬಹುದು. ತಿಣುಕುವುದು, ಗಟ್ಟಿಯಾಗಿರುವುದು, ಪೂರ್ತಿ ಆಗದಂತೆ ಅನಿಸುವುದು – ಇಂಥವು ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚು ಇದ್ದು, ಶುರುವಾಗಿ 6 ತಿಂಗಳು ದಾಟಿ, ಕಳೆದ 3 ತಿಂಗಳಿಂದ ಬಿಡದೆ ಕಾಡುತ್ತಿದ್ದರೆ ಅವರ ಲೆಕ್ಕಕ್ಕೆ ಬರುತ್ತದೆ. ನನ್ನದು ಎಲ್ಲಾ ಬಾಬ್ತಿನಲ್ಲೂ ಪಾಸು.

ಆಮೇಲೆ ಪೆನ್ನು ಕೆಳಗಿಟ್ಟು, ಅಕ್ಕನನ್ನು ಸ್ವಲ್ಪ ಹೊರಗಿರಿ ಅಂದು, ಕೇಳಿದರು: ‘ಬೆರಳಿನ ಸಹಾಯ ಬೇಕಾಗ್ತದಾ?’

ಕಿಟಕಿಯ ಕಡೆ ನೋಡಿದೆ. ಸವಳಂಗ ರಸ್ತೆಯಲ್ಲಿ ಛತ್ರಿಗಳು ಹೋಗುತ್ತಿದ್ದವು. ಗಂಡನಿಗೆ ಹೇಳದ್ದು, ಅಕ್ಕನಿಗೆ ಹೇಳದ್ದು, ನನಗೇ ನಾನು ಸರಿಯಾಗಿ ಹೇಳಿಕೊಳ್ಳದ್ದು. ‘ಕೆಲವು ಸಲ,’ ಅಂದೆ. ಅವರ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಬರೆದುಕೊಂಡು, ‘ಇದನ್ನ ಕೇಳದೆ ಯಾರೂ ಹೇಳಲ್ಲ. ನಮಗೆ ಇದೇ ದೊಡ್ಡ ಸುಳಿವು,’ ಅಂದರು. ಇಷ್ಟು ವರ್ಷದಲ್ಲಿ ನನ್ನ ಹೊಟ್ಟೆ ಹಗುರಾದದ್ದು ಆ ಕ್ಷಣ ಅಂದರೆ ನಗಬೇಡಿ.

ಅಕ್ಕನನ್ನು ಒಳಗೆ ಕರೆದು, ನನ್ನ ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಯಲು ಹೇಳಿದರು. ಬಿಪಿಗೆ ಅಮ್ಲೋಡಿಪಿನ್, ಮೂಳೆಗೆ ಕ್ಯಾಲ್ಸಿಯಂ, ಕಬ್ಬಿಣ, ಎದೆಯುರಿಗೆ ಗುಲಾಬಿ ಬಣ್ಣದ ಆ್ಯಂಟಾಸಿಡ್, ಮಳೆಗಾಲ ಬಂತೆಂದರೆ ನುಂಗುವ ನೆಗಡಿ ಮಾತ್ರೆ, ಆ ಚೂರ್ಣದ ಡಬ್ಬ. ಕವಡೆ ಆಡುವವರ ಹಾಗೆ ಎರಡು ಗುಂಪು ಮಾಡಿದರು. ಕಬ್ಬಿಣ, ಕ್ಯಾಲ್ಸಿಯಂ, ಅಲ್ಯುಮಿನಿಯಂ ಇರುವ ಆ್ಯಂಟಾಸಿಡ್, ಹಳೇ ಕಾಲದ ನೆಗಡಿ ಮಾತ್ರೆ ಎಲ್ಲವೂ ಹೊಟ್ಟೆ ಕಟ್ಟಿಸುವಂಥವೇ. ಬಿಪಿ ಮಾತ್ರೆಯೂ ಕೆಲವರಿಗೆ ಹಾಗೆ ಮಾಡುತ್ತದಂತೆ, ಆದರೆ ಅದನ್ನು ಈಗ ಮುಟ್ಟುವುದು ಬೇಡ ಅಂದರು. ನೆಗಡಿ ಮಾತ್ರೆ, ಆ್ಯಂಟಾಸಿಡ್ ಬಂದ್. ಕಬ್ಬಿಣ ಬೇಕೇ ಬೇಕು, ದಿನ ಬಿಟ್ಟು ದಿನ ತಗೊಳ್ಳಿ. ಚೂರ್ಣದ ಡಬ್ಬ ತಿರುಗಿಸಿ ಸಣ್ಣಕ್ಷರ ಓದಿ, ‘ಸೋನಾಮುಖಿ’ ಅಂದರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಅದೇ ಗಿಡದ ಮಾತ್ರೆಯನ್ನು ನಾವೂ ಬರೆದುಕೊಡ್ತೇವೆ, ತೊಂದರೆ ಎಲ್ಲಿದೆ ಅಂತ ನೋಡದೆ ಡೋಸು ಏರಿಸಿಕೊಂಡು ಹೋಗಿದ್ದು ತಪ್ಪು ಅಂದರು.

ಪರೀಕ್ಷೆಯ ಬಗ್ಗೆ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ, ಯಾಕೆಂದರೆ ಅದಕ್ಕೆ ಹೆದರಿಯೇ ನಾನು ವರ್ಷಗಟ್ಟಲೆ ಡಾಕ್ಟರ ಹತ್ತಿರ ಹೋಗಿರಲಿಲ್ಲ. ನರ್ಸ್ ಪಕ್ಕದಲ್ಲೇ ಇದ್ದಳು, ಪರದೆ ಎಳೆದಿತ್ತು, ಮೈಮೇಲೆ ಹೊದಿಕೆ ಇತ್ತು. ಮೊದಲು ಹೊಟ್ಟೆ ಒತ್ತಿ ನೋಡಿದರು, ಎಡಗಡೆ ಕೆಳಗೆ ಗಂಟು ಗಂಟಾಗಿ ಸಿಗುತ್ತಿದೆ ಅಂದರು. ಆಮೇಲೆ ಎಡಮಗ್ಗುಲಿಗೆ ಮಲಗಿ ಮಂಡಿ ಮಡಚಬೇಕು. ಗ್ಲೌಸಿಗೆ ಜೆಲ್ಲಿ ಹಚ್ಚಿಕೊಂಡು ಬೆರಳಿನಲ್ಲಿ ನೋಡುತ್ತಾರೆ. ಮುಜುಗರ ಆಯಿತು, ನೋವು ಆಗಲಿಲ್ಲ. ‘ಬಿಗಿ ಹಿಡೀರಿ’ ಅಂದರು, ಹಿಡಿದೆ. ‘ಈಗ ಹೊರಗೆ ಹೋಗುವಾಗ ಮುಕ್ತೀರಲ್ಲ, ಹಾಗೆ ಮುಕ್ಕಿ’ ಅಂದರು. ಮುಕ್ಕಿದೆ.

‘ಇನ್ನೊಂದು ಸಲ.’

ಮುಕ್ಕಿದೆ.

‘ಟೀಚರ್, ನೀವು ಮುಕ್ಕಿದಾಗ ಬಾಗಿಲು ತೆಗೆಯೋ ಬದಲು ಮುಚ್ಚಿಕೊಳ್ತಾ ಇದೆ.’

ಒಳಗೆ ಮೂಲವ್ಯಾಧಿಯ ಗಂಟುಗಳೂ ಇದ್ದವು. ರಕ್ತ ಅಲ್ಲಿಂದಲೇ ಇರಬಹುದು ಅಂದರು. ಇರಬಹುದು ಅಂತ ಬಿಡಲಿಕ್ಕೆ ಮಾತ್ರ ಅವರು ತಯಾರಿರಲಿಲ್ಲ. 50 ದಾಟಿದ ಮೇಲೆ ರಕ್ತ ಹೋಗುತ್ತಿದ್ದರೆ, ಅದರ ಜೊತೆಗೆ ರಕ್ತ ಕಡಿಮೆಯೂ ಇದ್ದರೆ, ಗಂಟು ಕಂಡಿತು ಅಂತ ಸುಮ್ಮನಾಗುವುದಲ್ಲ, ದೊಡ್ಡಕರುಳು ಪೂರ್ತಿ ನೋಡಲೇಬೇಕು. ಥೈರಾಯ್ಡ್, ಸಕ್ಕರೆ, ಕ್ಯಾಲ್ಸಿಯಂ, ಕಿಡ್ನಿಗೂ ರಕ್ತ ಕೊಟ್ಟು ಬಂದೆ. ಥೈರಾಯ್ಡ್ ಕಡಿಮೆಯಾದರೂ, ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೂ ಕರುಳು ಜಡವಾಗುತ್ತದಂತೆ. ನನಗೆ ಅವೆಲ್ಲ ಸರಿಯಿತ್ತು.

ದೊಡ್ಡಕರುಳನ್ನು ಕ್ಯಾಮೆರಾ ಇರುವ ನಳಿಕೆ ಹಾಕಿ ನೋಡುವುದಕ್ಕೆ ಕೊಲೊನೋಸ್ಕೋಪಿ ಅಂತ ಹೆಸರು. ಜನ ಹೆದರುವುದು ಆ ನಳಿಕೆಗೆ. ನಿಜವಾದ ಪಾಡು ಹಿಂದಿನ ದಿನದ್ದು. ಕಬ್ಬಿಣದ ಮಾತ್ರೆ ವಾರ ಮೊದಲೇ ನಿಲ್ಲಿಸಿದ್ದರು. ಎರಡು ದಿನ ಸೊಪ್ಪಿಲ್ಲ, ಬೀಜದ ಹಣ್ಣಿಲ್ಲ. ಕೊನೆಯ ದಿನ ಗಂಜಿತಿಳಿ, ಎಳನೀರು. ಒಂದು ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ ಸಂಜೆ ಅರ್ಧ, ಬೆಳಗಿನ ಜಾವ ಅರ್ಧ ಕುಡಿಯಬೇಕು. ಉಪ್ಪುಪ್ಪು, ಸಿಹಿಸಿಹಿ, ಒಂದು ತರಹದ ವಾಕರಿಕೆ. ಅಕ್ಕನ ಮನೆಯಲ್ಲಿ ಕರೆಂಟು ಹೋಗಿತ್ತು, ಹೊರಗೆ ಮಳೆ ಸುರಿಯುತ್ತಿತ್ತು, ನಾನು ಮೊಂಬತ್ತಿ ಹಿಡಿದುಕೊಂಡು ಕೋಣೆಗೂ ಬಚ್ಚಲಿಗೂ ಓಡಾಡುತ್ತಿದ್ದೆ. ಭಾವ ಟಿವಿ ಇಲ್ಲದೆ ಹಾಲಿನಲ್ಲಿ ಸುಮ್ಮನೆ ಕೂತಿದ್ದರು, ಪಾಪ. ಒಂಬತ್ತನೇ ಸಲಕ್ಕೆ ನನಗೆ ನಾಚಿಕೆ ಬಿಟ್ಟುಹೋಯಿತು.

ಮರುದಿನ ನಿದ್ದೆಯ ಇಂಜೆಕ್ಷನ್ ಕೊಟ್ಟರು. ಎಚ್ಚರಾಗುವಷ್ಟರಲ್ಲಿ ಮುಗಿದಿತ್ತು. ಗಡ್ಡೆ ಇಲ್ಲ, ಕ್ಯಾನ್ಸರ್ ಇಲ್ಲ. ಅಕ್ಕ ಅಲ್ಲೇ ಅತ್ತುಬಿಟ್ಟಳು. ಫೋಟೋದಲ್ಲಿ ಮಾತ್ರ ಒಂದು ವಿಚಿತ್ರ: ಗುಲಾಬಿ ಇರಬೇಕಾದ ಕರುಳಿನ ಗೋಡೆ ಕಂದುಗಪ್ಪು. ಅಡಿಕೆ ಬೇಯಿಸುವ ಹಂಡೆಗೆ ವರ್ಷಾನುಗಟ್ಟಲೆ ಚೊಗರು ಹಿಡಿದರೆ ಹೇಗಿರುತ್ತದೋ ಥೇಟ್ ಹಾಗೆ. ಸೋನಾಮುಖಿಯಂಥವನ್ನು ದೀರ್ಘಕಾಲ ತಗೊಂಡವರಲ್ಲಿ ಈ ಬಣ್ಣ ಕೂರುತ್ತದಂತೆ. ಮೆಲನೋಸಿಸ್ ಅಂತ ಹೆಸರು. ಅದರಿಂದ ಅಪಾಯ ಇಲ್ಲ, ಪುಡಿ ಬಿಟ್ಟರೆ ತಿಂಗಳುಗಳಲ್ಲಿ ತಾನೇ ಮಾಸುತ್ತದೆ. ಆರು ವರ್ಷ ಗುಟ್ಟಾಗಿ ತಿಂದದ್ದಕ್ಕೆ ಒಳಗೆ ಸಾಕ್ಷಿ ಉಳಿದಿತ್ತು ನೋಡಿ. ರಕ್ತ ಕಡಿಮೆಯಾಗಿದ್ದಕ್ಕೆ ಮೂಲವ್ಯಾಧಿಯ ಜೊತೆಗೆ, ಮುಟ್ಟು ನಿಲ್ಲುವ ಮೊದಲಿನ ಎರಡು ವರ್ಷದ ಅತಿಸ್ರಾವವೂ ಕಾರಣ ಅಂತ ಇನ್ನೊಬ್ಬ ಡಾಕ್ಟರು ಹೇಳಿದರು. ಅದು ಬೇರೆಯೇ ಕಥೆ.

ಬಾಗಿಲು ಮುಚ್ಚಿಕೊಳ್ಳುವ ವಿಷಯಕ್ಕೆ ಇನ್ನೊಂದು ಪರೀಕ್ಷೆ ಆಗಬೇಕಿತ್ತು. ಅದಕ್ಕೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಮಂಜು ಎಷ್ಟಿತ್ತೆಂದರೆ ಮುಂದಿನ ಬಸ್ಸಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ನಮ್ಮ ಮನೆಯವರು ಜೊತೆಗಿದ್ದರು. ದಾರಿಯುದ್ದಕ್ಕೂ ಕೊಳೆರೋಗದ ಬಗ್ಗೆ, ಮೈಲುತುತ್ತದ ರೇಟಿನ ಬಗ್ಗೆ ಮಾತಾಡಿದರು. ನಾನು ಯಾವ ಪರೀಕ್ಷೆಗೆ ಹೋಗುತ್ತಿದ್ದೇನೆ ಅನ್ನುವುದರ ಬಗ್ಗೆ ಇಬ್ಬರೂ ಚಕಾರ ಎತ್ತಲಿಲ್ಲ.

ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ನಳಿಕೆ ಕೂರಿಸಿ ಒಳಗಿನ ಒತ್ತಡವನ್ನು ಕಂಪ್ಯೂಟರಿನಲ್ಲಿ ತೋರಿಸುತ್ತಾರೆ. ಮುಕ್ಕಿದಾಗ ಮೇಲಿನ ಒತ್ತಡ ಏರಬೇಕು, ಕೆಳಗಿನದು ಇಳಿಯಬೇಕು. ನನ್ನದರಲ್ಲಿ ಎರಡೂ ಏರಿದವು. ಆಮೇಲೆ ಬಲೂನು. 50 ಮಿಲಿ ನೀರು ತುಂಬಿದ ಸಣ್ಣ ಬಲೂನನ್ನು ಒಳಗಿಟ್ಟು, ಪರದೆಯ ಹಿಂದೆ ಕುರ್ಚಿ ಕಮೋಡಿನಲ್ಲಿ ಕೂರಿಸಿ, ಹೊರಗೆ ಹಾಕಿ ಅನ್ನುತ್ತಾರೆ. ಸರಿ ಇದ್ದವರಿಗೆ ಒಂದು ನಿಮಿಷ ಸಾಕಂತೆ. ಪರದೆಯ ಆಚೆ ಹುಡುಗಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದಳು. ಕ್ರೀಡಾಕೂಟದಲ್ಲಿ ನಾನು ನಿಲ್ಲುವ ಹಾಗೇ. ಒಂದು ನಿಮಿಷ, ಎರಡು, ಮೂರು. ‘ಆಯ್ತು ಆಂಟಿ, ಬಿಡಿ’ ಅಂದಳು. ಫೇಲಾದ ಮಗುವಿನ ಮುಖ ಹೇಗಿರುತ್ತದೆ ಅಂತ ಗೊತ್ತಿತ್ತು, ಮೈಗೆ ತಿಳಿದದ್ದು ಅವತ್ತು. ಈ ಪರೀಕ್ಷೆ ಸರಿಯಿದ್ದಿದ್ದರೆ ಸಣ್ಣ ಉಂಗುರಗಳಿರುವ ಗುಳಿಗೆ ನುಂಗಿಸಿ, ಐದನೇ ದಿನ ಎಕ್ಸ್‌ರೇ ತೆಗೆದು ಕರುಳಿನ ವೇಗ ನೋಡುತ್ತಿದ್ದರಂತೆ. ನನಗೆ ಅದು ಬೇಕಾಗಲಿಲ್ಲ.

ಕಾರಣವನ್ನು ಅಲ್ಲಿನ ಫಿಸಿಯೋಥೆರಪಿಯ ಹುಡುಗಿ ಬಿಡಿಸಿ ಹೇಳಿದಳು. ಕರುಳಿನ ಕೊನೆಯನ್ನು ಹಿಂದಿನಿಂದ ಸುತ್ತಿ ಮುಂದಕ್ಕೆ ಎಳೆದು ಹಿಡಿದಿರುವ ಕುಣಿಕೆಯಂಥ ಒಂದು ಸ್ನಾಯು ಇದೆ. ತೋಟಕ್ಕೆ ನೀರು ಬಿಡುವ ಪೈಪನ್ನು ಮಡಚಿ ಹಿಡಿದ ಹಾಗೆ ಅದು ದಾರಿಯನ್ನು ಬಗ್ಗಿಸಿ ಇಟ್ಟಿರುತ್ತದೆ, ಹೋಗುವಾಗ ಸಡಿಲಬೇಕು. ಕಟ್ಟಿಕೊಂಡು ಕಟ್ಟಿಕೊಂಡು ನಾನು ಅದಕ್ಕೆ ಬಿಗಿಯುವುದನ್ನು ಮಾತ್ರ ಕಲಿಸಿದ್ದೆ. ಇಷ್ಟಿದ್ದಾಗ ಮೇಲಿನಿಂದ ಇಸಬ್ಗೋಲ್ ಸುರಿದಿದ್ದು, ಇಳಿಯುವ ಬಾಗಿಲು ಸಿಕ್ಕಿಹಾಕಿಕೊಂಡ ಬಸ್ಸಿಗೆ ಹಿಂದಿನಿಂದ ಇನ್ನಷ್ಟು ಜನ ಹತ್ತಿಸಿದ ಹಾಗೆ.

ಔಷಧಿಗಿಂತ ಪಾಠವೇ ಮುಖ್ಯವಾಯಿತು. ಎರಡು ವಾರಕ್ಕೊಮ್ಮೆ, ಆರು ಸಲ ಘಾಟಿ ಇಳಿದೆ. ಪರದೆಯ ಮೇಲೆ ಗೆರೆ ನೋಡಿಕೊಂಡು, ಉಸಿರು ಹೊಟ್ಟೆಗೆ ಎಳೆದು, ಹೊಟ್ಟೆಯಿಂದ ನೂಕುತ್ತಾ ಕೆಳಗೆ ಸಡಿಲ ಬಿಡುವುದು. ಹೇಳಿದಷ್ಟು ಸುಲಭವಲ್ಲ, ಒಂದು ಕೈಯಲ್ಲಿ ತಲೆ ತಟ್ಟುತ್ತಾ ಇನ್ನೊಂದರಲ್ಲಿ ಹೊಟ್ಟೆ ಸವರಿಕೊಳ್ಳುವ ಆಟ ಇದೆಯಲ್ಲ, ಅದೇ ತರಹ. ಬಯೋಫೀಡ್‌ಬ್ಯಾಕ್ ಅನ್ನುತ್ತಾರೆ. ಈ ತೊಂದರೆ ಇದ್ದ ಹತ್ತರಲ್ಲಿ ಏಳು ಜನಕ್ಕಾದರೂ ಇದರಿಂದ ಗುಣ ಕಾಣುತ್ತದೆ ಅಂದಿದ್ದರು. ಮೂರನೇ ಸಲದವರೆಗೆ ನಾನು ಉಳಿದ ಮೂರರಲ್ಲಿದ್ದೇನೆ ಅಂತಲೇ ನಂಬಿದ್ದೆ. ನಾಲ್ಕನೇ ಸಲ ಕೆಳಗಿನ ಗೆರೆ ಒಂದು ಚೂರು ಇಳಿಯಿತು. ಹುಡುಗಿ ಚಪ್ಪಾಳೆ ತಟ್ಟಿದಳು. ಕೊನೆಯ ಸಲ ಬಲೂನು 40 ಸೆಕೆಂಡಿಗೆ ಹೊರಗೆ.

ಮನೆಯಲ್ಲಿ ದಿನಚರಿ ಬದಲಾಯಿತು. ಐದೂವರೆಗೆ ಎದ್ದು ಒಂದು ಲೋಟ ಬಿಸಿನೀರು, ಕಾಫಿ, ಒಂದು ಬಾಳೆಹಣ್ಣು. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡಕರುಳು ತಾನೇ ಕದಲುತ್ತದೆ, ಬೆಳಗಿನ ಹೊತ್ತು ಅದು ಜೋರು. ಆ ಹೊತ್ತನ್ನು ಯಾರಿಗೂ ಕೊಡಬೇಡಿ ಅಂದಿದ್ದರು ಡಾಕ್ಟರು. ಆರು ಗಂಟೆಗೆ ಬಾಗಿಲು ಹಾಕಿಕೊಂಡರೆ ರೊಟ್ಟಿ ಹೊತ್ತಿದರೂ ಈಗ ನಾನು ಏಳುವುದಿಲ್ಲ. ಆದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವಂತಿಲ್ಲ, ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಪಿಇಜಿ ಅಂತ ಒಂದು ಪುಡಿ, ಕೊಲೊನೋಸ್ಕೋಪಿಗೆ ಕೊಟ್ಟದ್ದರದೇ ಜಾತಿ. ನೀರನ್ನು ಕರುಳಿನಲ್ಲೇ ಹಿಡಿದಿಟ್ಟು ಮಲ ಮೆತ್ತಗೆ ಇಡುತ್ತದೆ. ದಿನಕ್ಕೆ 17 ಗ್ರಾಂ ಒಂದು ಲೋಟ ನೀರಿಗೆ. ಮೂರು ತಿಂಗಳ ಮೇಲೆ ಅರ್ಧಕ್ಕೆ ಇಳಿಸಿದರು. ಇಸಬ್ಗೋಲ್ ಮತ್ತೆ ಬಂತು, ಒಂದೇ ಚಮಚ, ತುಂಬಿದ ಲೋಟ ನೀರಿಗೆ.

ಕಾಲ ಕೆಳಗೆ ಒಂದು ಮಣೆ ಬೇಕು ಅಂದಿದ್ದರು. ಕಮೋಡಿನ ಮೇಲೆ ಕೂತು ಪಾದವನ್ನು ಎತ್ತರಕ್ಕಿಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮುಂದಕ್ಕೆ ಬಾಗಿದರೆ ಆ ಬಗ್ಗಿದ ದಾರಿ ನೆಟ್ಟಗಾಗುತ್ತದೆ. ಹಿತ್ತಿಲ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಾಗ ಇದೆಲ್ಲ ಬೇಕಾಗಿರಲಿಲ್ಲ. ಅತ್ತೆಯ ಮಂಡಿನೋವಿಗೆ ಅಂತ ಒಳಗೆ ಕಮೋಡು ಹಾಕಿಸಿದ ಮೇಲೆ ನಾವೆಲ್ಲ ಅದಕ್ಕೇ ಒಗ್ಗಿದೆವು. ಮಣೆ ಹುಡುಕಿ ಊಟದ ಮಣೆಯೊಂದನ್ನು ಎತ್ತಿಕೊಂಡೆ. ಅತ್ತೆ ನೋಡಿದರು. ಆಮೇಲೆ ಆದದ್ದನ್ನು ಬರೆಯುವುದಿಲ್ಲ. ನಮ್ಮ ಮನೆಯವರು ಹಲಸಿನ ಹಲಗೆ ಕೊಯ್ಸಿ ಬೇರೆಯದೇ ಮಾಡಿಸಿದರು, ಒಂದು ಗೇಣು ಎತ್ತರ. ಈ ಇಡೀ ಪ್ರಕರಣದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು: ‘ಎತ್ತರ ಸಾಕನ?’

ಪೂರ್ತಿ ಗುಣವಾಯಿತು ಅಂತ ಹೇಳಲಾರೆ. ವಾರಕ್ಕೆ ನಾಲ್ಕೈದು ಸಲ, ಪಟ್ಟಿಯ ಮೂರನೇ ಚಿತ್ರ. ರಕ್ತ ನಿಂತಿದೆ, ಹಿಮೋಗ್ಲೋಬಿನ್ 11.8. ನಡುವೆ ಒಂದು ತರಬೇತಿಗೆ ಅಂತ ಬೇರೆ ಊರಿನಲ್ಲಿ ಮೂರು ದಿನ ಇಪ್ಪತ್ತು ಜನಕ್ಕೆ ಒಂದೇ ಕಕ್ಕಸು ಇದ್ದಲ್ಲಿ ಉಳಿಯಬೇಕಾಯಿತು. ಹಳೇ ಬಿಗಿ ವಾಪಸ್ ಬಂತು. ಅಂಥದಕ್ಕೆ ಅಂತಲೇ ಡಾಕ್ಟರು ಒಂದು ಬಿಸಕೋಡಿಲ್ ಗುಳಿಗೆ ಬರೆದುಕೊಟ್ಟಿದ್ದರು, ಹಿಂದಿನಿಂದ ಇಡುವಂಥದ್ದು. ಇಟ್ಟುಕೊಂಡೆ, ಅರ್ಧ ಗಂಟೆಯಲ್ಲಿ ಸರಿಹೋಯಿತು, ಮರುದಿನದಿಂದ ಮತ್ತೆ ಆರು ಗಂಟೆಯ ಪಾಠ. ನೀರಿನ ಬಾಟಲಿ ಈಗ ಶಾಲೆಯಲ್ಲಿ ಎರಡು ಸಲ ಖಾಲಿಯಾಗುತ್ತದೆ.

ಹೋದ ವಾರ ಬೆಳಿಗ್ಗೆ ಹೋದರೆ ಮಣೆ ಇದ್ದ ಜಾಗದಲ್ಲಿ ಇರಲಿಲ್ಲ, ಗೋಡೆಯ ಕಡೆ ಸರಿದಿತ್ತು, ಒದ್ದೆಯಾಗಿತ್ತು. ಅತ್ತೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಎದುರು ಕೂತು, ಡಾಕ್ಟರು ಕೇಳಿದ ಹಾಗೇ ಕೇಳಿದೆ: ‘ವಾರಕ್ಕೆ ಎಷ್ಟು ಸಲ ಅತ್ತೆ?’ ಅವರು ಸುತ್ತ ನೋಡಿದರು. ‘ಐದು ದಿನ ಆಯ್ತು ಮಾರಾಯ್ತಿ. ಯಾರ ಹತ್ರನೂ ಹೇಳ್ಬೇಡ.’ ಮಂಡಿನೋವಿಗೆ ಅಂತ ಅವರು ನುಂಗುತ್ತಿರುವ ಮಾತ್ರೆಯ ಹಾಳೆ ತರಿಸಿ ನೋಡಿದೆ. ಟ್ರಮಡಾಲ್. ಹೊಟ್ಟೆ ಕಟ್ಟಿಸುವುದರಲ್ಲಿ ನನ್ನ ಕಬ್ಬಿಣಕ್ಕಿಂತ ಒಂದು ಕೈ ಮೇಲು ಅಂತ ಡಾಕ್ಟರು ಹಿಂದೊಮ್ಮೆ ಹೇಳಿದ್ದ ಜಾತಿಯದು. ನಾನೇ ನಿಲ್ಲಿಸಿ ಅನ್ನುವ ಹಾಗಿಲ್ಲ. ಸೋಮವಾರ ರಜೆ ಹಾಕಿದ್ದೇನೆ. ಅವರ ಮಾತ್ರೆ ಚೀಲವನ್ನೂ ಹರಳೆಣ್ಣೆ ಬಾಟಲಿಯನ್ನೂ ಕಟ್ಟಿಕೊಂಡು ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡುವುದು.